ಹಲ್ಲಿಗ್ಯಾಕ ಟೊಪ್ಪಿಗಿ? ರೂಟ್ ಕೆನಾಲ್ ನಂತರದ ‘ಗಟ್ಟಿ’ ಕ್ಯಾಪಿನ ಅಸಲಿ ಲೆಕ್ಕ

2021ರ ದೀಪಾವಳಿ. ರಾಣೆಬೆನ್ನೂರಿನ ಮನೆಯ ಪಡಸಾಲೆಯಲ್ಲಿ ಕೂತು ಅವ್ವ ಕೋಡುಬಳೆ ಕಡಿದಳು, ‘ಟಕ್’ ಅಂತ ಸದ್ದಾಯ್ತು. ಮುರಿದದ್ದು ಕೋಡುಬಳೆ ಅಂದ್ಕೊಂಡ್ವಿ. ಮುರಿದದ್ದು ಹಲ್ಲು. 2019ರಲ್ಲಿ ಸಂಘದ ಸಾಲ ತೆಗೆದು ರೂಟ್ ಕೆನಾಲ್ ಮಾಡಿಸಿದ್ದ ಕೆಳದವಡೆಯ ಹಲ್ಲು ಅದು. ಸೌದೆ ಸೀಳಿದ ಹಾಗೆ ಮೇಲಿಂದ ಬೇರಿನ ತನಕ ಎರಡು ಹೋಳಾಗಿತ್ತು. ಮರುವಾರ ಕಿತ್ತರು. ಕೀಳೋದಕ್ಕೆ ಮುನ್ನೂರು ರೂಪಾಯಿ. ಉಳಿಸೋದಕ್ಕೆ ಅಂತ ಎರಡು ವರ್ಷದ ಹಿಂದೆ ಸುರಿದಿದ್ದು ಮೂರೂವರೆ ಸಾವಿರ.

ರೂಟ್ ಕೆನಾಲ್ ಮುಗಿದ ದಿನವೇ ಡಾಕ್ಟರು ‘ಕ್ಯಾಪ್ ಹಾಕಿಸ್ಕೊಳ್ಳಿ’ ಅಂದಿದ್ದರು. ಸೆರಾಮಿಕ್ ಕ್ಯಾಪಿಗೆ ಐದು ಸಾವಿರ. ಅವ್ವ ನನಗೆ ಫೋನ್ ಮಾಡಿ ಕೇಳಿದ್ದಳು: “ನೂವು ಹೋತಲ್ಲ ತಮ್ಮ, ಮತ್ತ ಹಲ್ಲಿಗ್ಯಾಕ ಟೊಪ್ಪಿಗಿ?” ನನಗೂ ಗೊತ್ತಿರಲಿಲ್ಲ. ‘ನೋಡೋಣ ಬಿಡು, ಮುಂದಿನ ತಿಂಗಳು’ ಅಂದೆ. ಆ ಮುಂದಿನ ತಿಂಗಳು ಬರಲೇ ಇಲ್ಲ.

ಆಮೇಲೆ ನನ್ನ ಸರದಿ ಬಂತು. ಬೆಂಗಳೂರಿನ ಒಂದು ಕ್ಲಿನಿಕ್ಕಿನಲ್ಲಿ ರೂಟ್ ಕೆನಾಲ್ ಮುಗೀತು. ರಿಸೆಪ್ಷನ್ನಿನಲ್ಲಿದ್ದ ಹುಡುಗಿ ಲ್ಯಾಮಿನೇಟ್ ಮಾಡಿದ ಒಂದು ಹಾಳೆ ಮುಂದಿಟ್ಟಳು. ಮೆಟಲ್ ಕ್ಯಾಪ್, ಮೆಟಲ್ ಮೇಲೆ ಸೆರಾಮಿಕ್, ಜಿರ್ಕೋನಿಯಾ, ಪ್ರೀಮಿಯಂ ಜಿರ್ಕೋನಿಯಾ. ಮೊಬೈಲ್ ರೀಚಾರ್ಜ್ ಪ್ಲಾನ್ ಥರ ಒಂದರ ಕೆಳಗೊಂದು, ಪಕ್ಕದಲ್ಲಿ ಬೆಲೆ, ಅದರ ಪಕ್ಕದಲ್ಲಿ ವಾರಂಟಿ ವರ್ಷ. “ಇದು 1200 ಎಂಪಿಎ ಸರ್, ಸ್ಟೀಲ್ ಥರ ಸ್ಟ್ರಾಂಗು, 15 ವರ್ಷ ಗ್ಯಾರಂಟಿ.”

ನಾನು ದಂತವೈದ್ಯನಲ್ಲ. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಮಾಡೋದು ಬರೆಯೋ ಕೆಲಸ. ನಾಲ್ಕು ವರ್ಷದ ಎಂಜಿನಿಯರಿಂಗಿನಲ್ಲಿ ತಲೆಯಲ್ಲಿ ಉಳಿದಿರೋ ಕೆಲವೇ ವಿಷಯಗಳಲ್ಲಿ ಈ ಎಂಪಿಎ, ಅಂದ್ರೆ ಮೆಗಾಪ್ಯಾಸ್ಕಲ್, ಒಂದು. ಹಾಗಾಗಿ ಕೇಳಿದೆ: “1200 ಯಾವುದರದ್ದು? ಕ್ಯಾಪಿನದ್ದೋ, ಹಲ್ಲಿನದ್ದೋ?” ಆಕೆ ನಕ್ಕಳು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಪ್ರಬಂಧಗಳನ್ನು ಹುಡುಕಿ ಓದಿದೆ, ದಂತ ಕಾಲೇಜಿನ ಮೇಷ್ಟ್ರುಗಳ ತಲೆ ತಿಂದೆ. ತಿಳಿದದ್ದು ಇಷ್ಟು: ನಮಗೆ ಮಾರೋ ಗಟ್ಟಿತನ ಕ್ಯಾಪಿನದ್ದು. ಮುರಿಯೋದು ಮಾತ್ರ ಹಲ್ಲು.

ಒಣಗಿದ ಮರ ಅನ್ನೋ ಕತೆ

ಮೊದಲು ಒಂದು ತಪ್ಪು ನಂಬಿಕೆ ತೆಗೆದು ಬದಿಗಿಡೋಣ. ‘ರೂಟ್ ಕೆನಾಲ್ ಆದ ಹಲ್ಲು ಸತ್ತ ಹಲ್ಲು, ಒಣಗಿದ ಮರದ ಥರ, ಪುಡಿಪುಡಿ ಆಗುತ್ತೆ’ ಅಂತ ಹೇಳೋದನ್ನ ನೀವೂ ಕೇಳಿರ್ತೀರಿ. ಹಲ್ಲಿನೊಳಗಿನ ತಿರುಳು, ಅಂದ್ರೆ ನರ, ರಕ್ತನಾಳ ಇರೋ ಮೆತ್ತಗಿನ ಭಾಗವನ್ನ ತೆಗೆದು ಆ ನಾಳಗಳನ್ನ ತೊಳೆದು ತುಂಬೋದೇ ರೂಟ್ ಕೆನಾಲ್. ತಿರುಳು ಹೋದ ಮೇಲೆ ಹಲ್ಲು ಒಣಗಿ ಪೆಡಸಾಗುತ್ತೆ ಅನ್ನೋ ಊಹೆ ಸಹಜವಾದದ್ದೇ. 1992ರಲ್ಲಿ ಸೆಜ್ಲಿ ಮತ್ತು ಮೆಸ್ಸರ್ ಅನ್ನೋ ಇಬ್ಬರು ಸಂಶೋಧಕರು ಇದನ್ನ ಪರೀಕ್ಷಿಸಿದರು. ಒಂದೇ ಬಾಯಿಯಿಂದ ಕೀಳಬೇಕಾಗಿ ಬಂದ ಜೋಡಿ ಹಲ್ಲುಗಳು: ಒಂದು ಬದಿಯದ್ದು ರೂಟ್ ಕೆನಾಲ್ ಆದದ್ದು, ಇನ್ನೊಂದು ಬದಿಯದ್ದು ಆಗದೇ ಇದ್ದದ್ದು. ಅಂಥ 23 ಜೋಡಿ. ಗಡಸುತನದಲ್ಲಿ ಸಿಕ್ಕ ವ್ಯತ್ಯಾಸ ಬರೀ ಶೇ. 3.5ರಷ್ಟು. ಉಳಿದ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ.

ಹಾಗಾದ್ರೆ ಅವ್ವನ ಹಲ್ಲು ಯಾಕೆ ಸೀಳಿತು? ಉತ್ತರ ಇನ್ನೂ ಮೂರು ವರ್ಷ ಹಿಂದಿನ ಒಂದು ಪ್ರಯೋಗದಲ್ಲಿದೆ. 1989ರಲ್ಲಿ ರೀ, ಮೆಸ್ಸರ್, ಡಗ್ಲಸ್ ಎಂಬ ಮೂವರು ಕಿತ್ತ ಹಲ್ಲುಗಳನ್ನ ತಗೊಂಡು, ಹಂತಹಂತವಾಗಿ ಕೊರೆಯುತ್ತಾ, ಪ್ರತಿ ಹಂತದಲ್ಲೂ ಹಲ್ಲಿನ ಬಿಗಿತ ಎಷ್ಟು ಕಡಿಮೆಯಾಯ್ತು ಅಂತ ಅಳೆದರು. ರೂಟ್ ಕೆನಾಲ್‌ಗೆ ಅಂತ ನಡುವೆ ಕೊರೆಯೋ ತೂತಿನಿಂದ ಆದ ನಷ್ಟ ಸುಮಾರು ಶೇ. 5. ಹಲ್ಲಿನ ಮೇಲ್ಮೈಯಲ್ಲಿ ಮಾತ್ರ ಇರೋ ಹುಳುಕನ್ನ ಕೊರೆದು ತೆಗೆದರೆ ಸುಮಾರು ಶೇ. 20. ಹುಳುಕು ಮೇಲ್ಮೈ ದಾಟಿ ಹಲ್ಲಿನ ಮುಂದಿನ ಮತ್ತು ಹಿಂದಿನ, ಎರಡೂ ಪಕ್ಕದ ಗೋಡೆಗಳನ್ನ ತಿಂದುಬಿಟ್ಟಿದ್ದರೆ? ಶೇ. 63.

ಅಂದ್ರೆ ಹಲ್ಲನ್ನ ದುರ್ಬಲ ಮಾಡೋದು ರೂಟ್ ಕೆನಾಲ್ ಅಲ್ಲ, ರೂಟ್ ಕೆನಾಲ್ ತನಕ ತಂದು ನಿಲ್ಲಿಸಿದ ಹುಳುಕು. ನಾಲ್ಕು ಗೋಡೆಯ ಮನೆ ಅಂದ್ಕೊಳ್ಳಿ. ಚಾವಣಿಯಲ್ಲಿ ಒಂದು ಬೆಳಕಿಂಡಿ ಕೊರೆದರೆ ಮನೆ ಬೀಳೋದಿಲ್ಲ. ಎದುರುಬದುರಿನ ಎರಡು ಗೋಡೆ ತೆಗೆದರೆ ಉಳಿದೆರಡು ಗೋಡೆ ಹೊರಕ್ಕೆ ವಾಲೋದಕ್ಕೆ ಕಾದಿರ್ತವೆ. ನೋವು ಬಂದರೂ ತಿಂಗಳುಗಟ್ಟಲೆ ಲವಂಗ ಇಟ್ಕೊಂಡು, ಮಾತ್ರೆ ನುಂಗ್ಕೊಂಡು ಮುಂದೂಡೋರು ಯಾರು? ಕೈಯಲ್ಲಿ ದುಡ್ಡಿಲ್ಲದವರು, ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗಲಾರದವರು. ಹಾಗಾಗಿ ಕುರ್ಚಿ ಮೇಲೆ ಕೂರೋ ಹೊತ್ತಿಗೇ ಅವರ ಹಲ್ಲಿನ ಗೋಡೆಗಳು ಹೋಗಿರ್ತವೆ. ಶೇ. 5ರ ಪಂಗಡ, ಶೇ. 63ರ ಪಂಗಡ ಅನ್ನೋದು ದವಡೆಯಲ್ಲಿ ಮಾತ್ರ ನಿರ್ಧಾರ ಆಗೋದಲ್ಲ.

ಬೆಣೆ ಮತ್ತು ಅಣಸು

ದವಡೆ ಹಲ್ಲಿನ ಮೇಲೆ ಗುಡ್ಡಗಳಿವೆ, ನಡುವೆ ಕಣಿವೆ ಇದೆ. ಎದುರಿನ ಹಲ್ಲಿನ ಗುಡ್ಡ ಬಂದು ಈ ಕಣಿವೆಯಲ್ಲಿ ಕೂರುತ್ತೆ. ಆರೋಗ್ಯವಂತ ಮನುಷ್ಯ ಜೋರಾಗಿ ಕಚ್ಚಿದರೆ ದವಡೆ ಹಲ್ಲುಗಳ ಮೇಲೆ 500ರಿಂದ 800 ನ್ಯೂಟನ್ ತನಕ ಬಲ ಬೀಳಬಹುದು, ಅಂದ್ರೆ 50ರಿಂದ 80 ಕೆಜಿ ಭಾರ. ಅನ್ನ, ಮುದ್ದೆ ತಿನ್ನುವಾಗ ಇದರ ಒಂದು ಸಣ್ಣ ಪಾಲು ಮಾತ್ರ. ಆದರೆ ನಿಪ್ಪಟ್ಟು, ಮೂಳೆ, ಅಕ್ಕಿಯೊಳಗಿನ ಕಲ್ಲು ಹೇಳಿಕೇಳಿ ಬರೋದಿಲ್ಲ. ಕಣಿವೆಯೊಳಗೆ ಬಿದ್ದ ಆ ಭಾರ ಗುಡ್ಡಗಳನ್ನ ಹೊರಕ್ಕೆ ತಳ್ಳುತ್ತೆ, ಸೌದೆಯ ಸೀಳಿಗೆ ಬೆಣೆ ಹೊಡೆದ ಹಾಗೆ. ಬರೀ ಸಿಮೆಂಟ್ ತುಂಬಿದ ಹಲ್ಲು ಈ ಬೆಣೆ ಏಟು ತಡೆಯೋದು ಕಷ್ಟ.

ಇಲ್ಲಿ ಕ್ಯಾಪಿನ ನಿಜವಾದ ಕೆಲಸ ಗೊತ್ತಾಗುತ್ತೆ. ಹಳೇ ಮನೆಗಳಲ್ಲಿ ಒನಕೆ ನೋಡಿದವರಿಗೆ ನೆನಪಿರಬಹುದು. ಅದರ ತುದಿಗೆ ಒಂದು ಕಬ್ಬಿಣದ ಬಳೆ ಹಾಕಿರ್ತಾರೆ, ಅಣಸು ಅಂತಾರೆ. ಕುಟ್ಟಿದ ಏಟಿಗೆ ಮರ ಸೀಳದೇ ಇರಲಿ ಅಂತ. ದಂತವೈದ್ಯರ ಪುಸ್ತಕದಲ್ಲಿ ಇದಕ್ಕೆ ‘ಫೆರುಲ್’ ಅಂತಾರೆ, ಅರ್ಥ ಇದೇ ಅಣಸು. ಕ್ಯಾಪಿನ ಕೆಳ ಅಂಚು ಒಸಡಿನ ಮೇಲೆ ಉಳಿದಿರೋ ಗಟ್ಟಿ ಹಲ್ಲನ್ನ ಸುತ್ತಲೂ ಕನಿಷ್ಠ ಒಂದೂವರೆಯಿಂದ ಎರಡು ಮಿಲಿಮೀಟರ್ ಎತ್ತರಕ್ಕೆ ಅಪ್ಪಿ ಹಿಡಿದಿರಬೇಕು. ಹಾಗೆ ಹಿಡಿದರೆ ಹಲ್ಲು ಸೀಳೋದಿಲ್ಲ, ಕ್ಯಾಪೂ ಕಳಚೋದಿಲ್ಲ. ಎರಡೇ ಎರಡು ಮಿಲಿಮೀಟರ್! ರೂಟ್ ಕೆನಾಲ್ ಆದ ಹಲ್ಲಿನ ಆಯಸ್ಸು ಲ್ಯಾಮಿನೇಟ್ ಹಾಳೆಯಲ್ಲಿರೋ 1200ಕ್ಕಿಂತ ಹೆಚ್ಚಾಗಿ ಈ ಎರಡರ ಮೇಲೆ ನಿಂತಿದೆ.

ಕ್ಯಾಪ್ ಹಾಕಿಸಿದ್ದಕ್ಕೂ ಬಿಟ್ಟಿದ್ದಕ್ಕೂ ಎಷ್ಟು ಫರಕು? 2002ರಲ್ಲಿ ಅಕ್ವಿಲಿನೊ ಮತ್ತು ಕ್ಯಾಪ್ಲನ್ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಯಾಪ್ ಇಲ್ಲದ ರೂಟ್ ಕೆನಾಲ್ ಹಲ್ಲುಗಳು ಕ್ಯಾಪ್ ಇದ್ದವಕ್ಕಿಂತ ಆರು ಪಟ್ಟು ವೇಗದಲ್ಲಿ ಹೋಗಿದ್ದವು. ಈ ‘ಆರು ಪಟ್ಟು’ ಎಲ್ಲ ಕಡೆ ಉಲ್ಲೇಖ ಆಗುತ್ತೆ. ಆದರೆ ಒಂದು ಮಾತು: ಅದು ಹಳೇ ದಾಖಲೆ ನೋಡಿ ಮಾಡಿದ ಲೆಕ್ಕ, ಚೀಟಿ ಎತ್ತಿ ಎರಡು ಗುಂಪು ಮಾಡಿದ ಪ್ರಯೋಗ ಅಲ್ಲ. ಕ್ಯಾಪ್ ಹಾಕಿಸೋ ಶಕ್ತಿ ಇದ್ದವರಿಗೆ ಬೇರೆ ಅನುಕೂಲಗಳೂ ಇದ್ದಿರುತ್ತವೆ. ಅದೇ 2002ರಲ್ಲಿ ಮನೋಚಿ ಮತ್ತು ಸಂಗಡಿಗರು 117 ಜನರ ಮೇಲೆ ನಡೆಸಿದ ಪ್ರಯೋಗದಲ್ಲಿ, ಹೆಚ್ಚು ಹಾಳಾಗದ ಸಣ್ಣ ದವಡೆ ಹಲ್ಲುಗಳಿಗೆ ಒಳಗೆ ನಾರಿನ ಕಡ್ಡಿ ಕೊಟ್ಟು, ಹಲ್ಲಿನ ಬಣ್ಣದ ಫಿಲ್ಲಿಂಗ್ ಮಾಡಿದರೂ, ಕ್ಯಾಪ್ ಹಾಕಿದರೂ ಮೂರು ವರ್ಷದ ಹೊತ್ತಿಗೆ ಫಲಿತಾಂಶ ಹೆಚ್ಚುಕಡಿಮೆ ಒಂದೇ ಆಗಿತ್ತು. ಅಂದ್ರೆ ರೂಟ್ ಕೆನಾಲ್ ಆದ ಎಲ್ಲ ಹಲ್ಲಿಗೂ ಕ್ಯಾಪ್ ಬೇಕೇಬೇಕು ಅನ್ನೋದು ವಿಜ್ಞಾನ ಅಲ್ಲ. ಗೋಡೆಗಳು ಚೆನ್ನಾಗಿರೋ ಮುಂದಿನ ಬಾಚಿ ಹಲ್ಲಿಗೆ ಒಳ್ಳೆ ಫಿಲ್ಲಿಂಗ್ ಸಾಕಾಗಬಹುದು. ಪಕ್ಕದ ಗೋಡೆ ಕಳೆದುಕೊಂಡ ದೊಡ್ಡ ದವಡೆ ಹಲ್ಲಿಗೆ ಮಾತ್ರ ಗುಡ್ಡಗಳನ್ನ ಮುಚ್ಚೋ ಹೊದಿಕೆ ಬೇಕು. ಅವ್ವನದ್ದು ಈ ಎರಡನೇ ಥರದ್ದು.

ಇನ್ನೊಂದು ವಿಷಯ, ಬೇಗ ಹೇಳಿ ಮುಗಿಸ್ತೀನಿ. ಮೇಲಿನ ಹೊದಿಕೆಗೆ ಸೋರದಂತೆ ಮುಚ್ಚೋ ಕೆಲಸವೂ ಇದೆ. ತಾತ್ಕಾಲಿಕ ಸಿಮೆಂಟನ್ನೇ ತಿಂಗಳುಗಟ್ಟಲೆ ಬಿಟ್ಟರೆ ಜೊಲ್ಲು, ಬ್ಯಾಕ್ಟೀರಿಯಾ ಒಳಗಿಳಿದು ಮಾಡಿದ ರೂಟ್ ಕೆನಾಲೇ ಕೆಡುತ್ತೆ.

ಗಾಜು ಕತ್ತರಿಸೋನ ಗುಟ್ಟು

ಈಗ ಸೆರಾಮಿಕ್‌ಗೆ ಬರೋಣ. ಸ್ಟೀಲ್ ಲೋಟ ಕೆಳಗೆ ಬಿದ್ದರೆ ತಗ್ಗು ಬೀಳುತ್ತೆ, ಪಿಂಗಾಣಿ ಕಪ್ ಬಿದ್ದರೆ ಚೂರಾಗುತ್ತೆ. ಲೋಹ ಬಗ್ಗಿ ಏಟನ್ನ ಅರಗಿಸ್ಕೊಳ್ಳುತ್ತೆ, ಸೆರಾಮಿಕ್‌ಗೆ ಬಗ್ಗೋದು ಗೊತ್ತಿಲ್ಲ. ಒತ್ತಿದರೆ ತಡೆಯುತ್ತೆ, ಎಳೆದರೆ ಸೋಲುತ್ತೆ. ಕ್ಯಾಪಿನ ಮೇಲೆ ಕಚ್ಚಿದಾಗ ಮೇಲ್ಭಾಗ ಒತ್ತಡದಲ್ಲಿರುತ್ತೆ, ಆದರೆ ಒಳಮೈ ಹಿಗ್ಗಲಿಕ್ಕೆ ನೋಡುತ್ತೆ. ಬಿರುಕು ಎಷ್ಟೋ ಸಲ ಶುರುವಾಗೋದು ಅಲ್ಲಿ, ನಮ್ಮ ಕಣ್ಣಿಗೆ ಕಾಣದ ಒಳಮೈಯಲ್ಲಿ.

ಫೋಟೋ ಫ್ರೇಮ್ ಅಂಗಡಿಯವನು ಗಾಜು ಕತ್ತರಿಸೋದು ನೋಡಿದ್ದೀರಾ? ಒಂದು ಗೆರೆ ಗೀಚ್ತಾನೆ, ತಟ್ತಾನೆ, ಗಾಜು ಆ ಗೆರೆಯಲ್ಲೇ ಮುರಿಯುತ್ತೆ. ಸಣ್ಣ ಗೀರಿನ ತುದಿಯಲ್ಲಿ ಬಲವೆಲ್ಲ ಬಂದು ಸೇರುತ್ತೆ ಅನ್ನೋದನ್ನ 1921ರಲ್ಲಿ ಬ್ರಿಟನ್ನಿನ ಎಂಜಿನಿಯರ್ ಎ.ಎ. ಗ್ರಿಫಿತ್ ಲೆಕ್ಕ ಹಾಕಿ ತೋರಿಸಿದ್ದರು. ಹಲ್ಲಿನ ಸೆರಾಮಿಕ್ಕಿನ ಇತಿಹಾಸ ಅಂದ್ರೆ ಈ ಬಿರುಕನ್ನ ಹೇಗೆ ತಡೆಯೋದು ಅನ್ನೋ ಇತಿಹಾಸವೇ.

ಹಳೇ ಪಿಂಗಾಣಿ, ಅಂದ್ರೆ ಫೆಲ್ಡ್‌ಸ್ಪಾರ್ ಪೋರ್ಸಲೀನ್, ಬಗ್ಗಿಸಿ ಮುರಿಯೋ ಪರೀಕ್ಷೆಯಲ್ಲಿ ಸುಮಾರು 60ರಿಂದ 100 ಎಂಪಿಎಗೆ ಸೋಲುತ್ತೆ. ಅದಕ್ಕೇ 1960ರ ದಶಕದಿಂದ ಲೋಹದ ಚಿಪ್ಪಿನ ಮೇಲೆ ಪೋರ್ಸಲೀನ್ ಬೇಯಿಸಿ ಕೂರಿಸೋ ಪದ್ಧತಿ ಬಂತು. ನಮ್ಮ ಊರುಗಳಲ್ಲಿ ‘ಸೆರಾಮಿಕ್ ಕ್ಯಾಪ್’ ಅಂತ ಮಾರೋದು ಬಹುಪಾಲು ಇದನ್ನೇ. ಹೊರಗಿನ ಪೋರ್ಸಲೀನ್ ಚಕ್ಕೆ ಎದ್ದು ಲೋಹ ಕಾಣೋದು ಇದರ ಹಳೇ ಕಾಯಿಲೆ. ಆಮೇಲೆ ಬಂದದ್ದು ಲಿಥಿಯಂ ಡೈಸಿಲಿಕೇಟ್: ಗಾಜಿನೊಳಗೆ ಸೂಜಿಯಂಥ ಹರಳುಗಳು ಒತ್ತಾಗಿ ಹೆಣೆದುಕೊಂಡಿರ್ತವೆ, ಬಿರುಕು ನೇರ ಹೋಗೋಕಾಗದೆ ಸುತ್ತಿ ಬಳಸಿ ದಣಿಯುತ್ತೆ. ಇದರದ್ದು ಸುಮಾರು 360ರಿಂದ 500 ಎಂಪಿಎ.

ಜಿರ್ಕೋನಿಯಾದ ಉಪಾಯ ಇದಕ್ಕಿಂತ ಮಜವಾಗಿದೆ. ಇದರಲ್ಲಿ ಗಾಜೇ ಇಲ್ಲ, ಪೂರಾ ಹರಳು. ಬಿರುಕಿನ ತುದಿ ಬಂದು ತಾಕಿದಾಗ ಅಲ್ಲಿನ ಹರಳುಗಳು ತಮ್ಮ ಆಕಾರ ಬದಲಿಸಿ ಸುಮಾರು ಶೇ. 4ರಷ್ಟು ಉಬ್ಬುತ್ತವೆ. ಉಬ್ಬಿ ಬಿರುಕನ್ನ ಎರಡೂ ಕಡೆಯಿಂದ ಅದುಮಿ ಹಿಡೀತವೆ. 1975ರಲ್ಲಿ ಗಾರ್ವಿ, ಹ್ಯಾನಿಂಕ್, ಪ್ಯಾಸ್ಕೋ ಎಂಬ ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಈ ಗುಣದ ಬಗ್ಗೆ ಬರೆದ ಪ್ರಬಂಧದ ತಲೆಬರಹ ‘ಸೆರಾಮಿಕ್ ಸ್ಟೀಲ್?’ ಅಂತ. ಗಮನಿಸಿ, ಕೊನೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು. ಕ್ಲಿನಿಕ್ಕಿನ ಲ್ಯಾಮಿನೇಟ್ ಹಾಳೆಗೆ ಬರೋ ಹೊತ್ತಿಗೆ ಅದು ಉದುರಿಹೋಗಿದೆ.

ಅಷ್ಟೇ ಅಲ್ಲ, ಜಿರ್ಕೋನಿಯಾ ಅನ್ನೋದು ಒಂದೇ ವಸ್ತುವೂ ಅಲ್ಲ. ಯಿಟ್ರಿಯಾ ಅನ್ನೋ ಆಕ್ಸೈಡ್ ಎಷ್ಟು ಬೆರೆಸಿದ್ದಾರೆ ಅನ್ನೋದರ ಮೇಲೆ ಜಾತಿ ಬದಲಾಗುತ್ತೆ. 3ವೈ ಅನ್ನೋದು 900-1200 ಎಂಪಿಎ ತಡೆಯುತ್ತೆ, ಆದರೆ ಸುಣ್ಣದ ಗೋಡೆ ಥರ ಮಂದ ಬಿಳಿ. ನೋಡೋಕೆ ಹಲ್ಲಿನಂತೆ ಬೆಳಕು ಹಾಯಿಸೋ 5ವೈ ಬೇಕು ಅಂದ್ರೆ ಆ ಉಬ್ಬೋ ಗುಣ ಬಹುತೇಕ ಹೋಗಿ, ಬಲ ಅರ್ಧದ ಆಸುಪಾಸಿಗೆ ಇಳಿಯುತ್ತೆ. ಹಾಳೆಯಲ್ಲಿ ‘ಪ್ರೀಮಿಯಂ’ ಅಂತ ಹೆಚ್ಚು ಬೆಲೆಗೆ ಮಾರೋದು ಎಷ್ಟೋ ಸಲ ಚೆಂದದ್ದೇ ಹೊರತು ಗಟ್ಟಿಯದ್ದಲ್ಲ. ಹಾಳೆ ಮೇಲೆ ಮಾತ್ರ ಎಲ್ಲಕ್ಕೂ 1200! ‘ಇದು ಯಾವ ಜಿರ್ಕೋನಿಯಾ?’ ಅಂತ ಕೇಳೋದು ರೋಗಿಯ ಹಕ್ಕು. ಕೇಳಿದ್ರೆ ಮುಖ ಸಿಂಡರಿಸೋರು ಇದ್ದಾರೆ, ಕೇಳಿ.

ಅರ್ಧ ಮಿಲಿಮೀಟರಿನ ರಾಜಕೀಯ

ಎಂಪಿಎ ಅಳೆಯೋದು ಹೇಗೆ? ವಸ್ತುವಿನಿಂದ ಒಂದು ಸಣ್ಣ ಪಟ್ಟಿಯನ್ನೋ ಬಿಲ್ಲೆಯನ್ನೋ ಮಾಡಿ, ಪಾಲಿಶ್ ಮಾಡಿ, ಯಂತ್ರದಲ್ಲಿಟ್ಟು ಮುರಿಯೋ ತನಕ ಬಗ್ಗಿಸ್ತಾರೆ. ಇದಕ್ಕೆ ಐಎಸ್‌ಒ 6872 ಅನ್ನೋ ಅಂತರರಾಷ್ಟ್ರೀಯ ಮಾನದಂಡ ಇದೆ. ಒಳ್ಳೆಯದೇ. ಆದರೆ ಆ ಪಟ್ಟಿ ಹೊಸದು. ಬಾಯಲ್ಲಿರೋ ಕ್ಯಾಪಿಗೆ ಜೊಲ್ಲಿದೆ, ಬಿಸಿ ಕಾಫಿ ಇದೆ, ವರ್ಷಕ್ಕೆ ಲಕ್ಷಾಂತರ ಸಲ ಬೀಳೋ ಸಣ್ಣ ಏಟುಗಳಿವೆ. ತೇವದಲ್ಲಿ ಸೆರಾಮಿಕ್ಕಿನ ಬಿರುಕು ನಿಧಾನವಾಗಿ ಬೆಳೆಯುತ್ತಲೇ ಇರುತ್ತೆ. ಜೊತೆಗೆ ಡಾಕ್ಟರು ‘ಸ್ವಲ್ಪ ಎತ್ತರ ಆಯ್ತು’ ಅಂತ ಕೂರಿಸಿದ ಮೇಲೆ ಉಜ್ಜಿ, ಮತ್ತೆ ಪಾಲಿಶ್ ಮಾಡದೆ ಬಿಟ್ಟರೆ, ಫ್ರೇಮ್ ಅಂಗಡಿಯವನ ಗೀರನ್ನ ನಾವೇ ಹಾಕಿಕೊಟ್ಟ ಹಾಗೆ. ಆ ಒರಟು ಮೈ ಎದುರಿನ ಹಲ್ಲನ್ನೂ ಸವೆಸುತ್ತೆ.

ಮುಖ್ಯವಾದ ಮಾತು ದಪ್ಪದ್ದು. ಸೆರಾಮಿಕ್ ಹಾಳೆ ತಡೆಯೋ ಭಾರ ಅದರ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತೆ. ದಪ್ಪ ಅರ್ಧಕ್ಕಿಳಿದರೆ ಬಲ ಕಾಲು ಭಾಗಕ್ಕಿಳಿಯುತ್ತೆ. ಒರಟಾಗಿ ಲೆಕ್ಕ ಹಾಕಿ: 1000 ಎಂಪಿಎ ಜಿರ್ಕೋನಿಯಾ ಒಂದು ಮಿಲಿಮೀಟರ್ ದಪ್ಪ, 1ರ ವರ್ಗ 1, ಗುಣಿಸಿದರೆ 1000. 400 ಎಂಪಿಎ ಲಿಥಿಯಂ ಡೈಸಿಲಿಕೇಟ್ ಒಂದೂವರೆ ಮಿಲಿಮೀಟರ್, 1.5ರ ವರ್ಗ 2.25, ಗುಣಿಸಿದರೆ 900. ಹಾಳೆಯ ಮೇಲೆ ಎರಡೂವರೆ ಪಟ್ಟು ಕಂಡ ವ್ಯತ್ಯಾಸ ಅರ್ಧ ಮಿಲಿಮೀಟರಿನಲ್ಲಿ ಬಹುತೇಕ ಮಾಯ!

ಹಾಗಂತ ದಪ್ಪ ಮಾಡ್ತಾ ಹೋಗೋದಾ? ಇಲ್ಲೇ ಇರೋದು ಸಿಕ್ಕು. ಆ ಅರ್ಧ ಮಿಲಿಮೀಟರ್ ಎಲ್ಲಿಂದ ಬರಬೇಕು? ಹಲ್ಲನ್ನ ಉಜ್ಜಿಯೇ ಬರಬೇಕು. ಪೂರ್ತಿ ಕ್ಯಾಪಿಗೆ ಅಂತ ಸವೆಸುವಾಗ ಒಸಡಿನ ಮೇಲಿರೋ ಹಲ್ಲಿನ ಮೂರನೇ ಎರಡು ಭಾಗದಿಂದ ಮುಕ್ಕಾಲು ಭಾಗದವರೆಗೂ ಹೋಗುತ್ತೆ ಅಂತ 2002ರಲ್ಲಿ ಎಡೆಲ್‌ಹಾಫ್ ಮತ್ತು ಸೊರೆನ್ಸೆನ್ ತೂಕ ಮಾಡಿ ತೋರಿಸಿದ್ದಾರೆ. ಮೊದಲೇ ಗೋಡೆ ಕಳೆದುಕೊಂಡ ಹಲ್ಲಿನಿಂದ ಇನ್ನಷ್ಟು ಗೋಡೆ ಕಿತ್ತು, ಅದರ ಮೇಲೆ ಗಟ್ಟಿ ಚಾವಣಿ ಕೂರಿಸೋದು.

ಒಂದು ದಂತ ಕಾಲೇಜಿನಲ್ಲಿ ಮೇಷ್ಟ್ರೊಬ್ಬರು ನನಗೆ ಸಣ್ಣ ಬಾಟಲಿ ತೋರಿಸಿದರು. ಒಳಗೆ ಕಿತ್ತ ದವಡೆ ಹಲ್ಲು. ಜಿರ್ಕೋನಿಯಾ ಕ್ಯಾಪು ಮದುವೆ ಮನೆ ಲೋಟದ ಥರ ಫಳಫಳ, ಒಂದು ಗೀರೂ ಇಲ್ಲ. ಅದರ ಕೆಳಗೆ ಬೇರು ಉದ್ದಕ್ಕೂ ಸೀಳಿತ್ತು. “ಕ್ಯಾಪಿಗೆ ಇನ್ನೂ ವಾರಂಟಿ ಇದೆ ನೋಡಪ್ಪ” ಅಂದರು. ಪ್ರಯೋಗಾಲಯದಲ್ಲೂ ಇಂಥದ್ದು ಎಷ್ಟೋ ಸಲ ಕಂಡಿದೆ. ಕ್ಯಾಪು ಮುರಿಯದಷ್ಟು ಗಟ್ಟಿಯಾದರೆ ಮುರಿಯೋ ಸರದಿ ಕೆಳಗಿನ ಹಲ್ಲಿನದ್ದು. ಕ್ಯಾಪ್ ಒಡೆದರೆ ಇನ್ನೊಂದು ಹಾಕಬಹುದು. ಬೇರು ಸೀಳಿದರೆ ಕೀಳೋದೊಂದೇ ದಾರಿ. ವಾರಂಟಿ ಕಾರ್ಡಿನಲ್ಲಿ ಬೇರಿನ ಮಾತೇ ಇರೋದಿಲ್ಲ.

ಬೇರಿನೊಳಗೆ ಇಳಿಸೋ ಕಡ್ಡಿ, ಅಂದ್ರೆ ಪೋಸ್ಟ್, ಹಾಕಿದ್ರೆ ಹಲ್ಲು ಗಟ್ಟಿಯಾಗುತ್ತೆ ಅನ್ನೋದೂ ಹೀಗೇ ಒಂದು ನಂಬಿಕೆ. ಪೋಸ್ಟ್ ಇರೋದು ಮೇಲಿನ ದಿಬ್ಬ ಬೀಳದಂತೆ ಹಿಡಿಯೋಕೆ, ಬೇರಿಗೆ ಬಲ ಕೊಡೋಕಲ್ಲ. ಅದಕ್ಕೆ ಜಾಗ ಮಾಡೋದಕ್ಕೆ ಬೇರನ್ನ ಇನ್ನಷ್ಟು ಕೊರೆದರೆ ಬೇರು ತೆಳುವಾಗುತ್ತೆ.

ಇದಕ್ಕೆ ದಂತವಿಜ್ಞಾನ ಕಂಡುಕೊಂಡ ಒಂದು ಉತ್ತರ ಎಂಡೋಕ್ರೌನ್. 1995ರಲ್ಲಿ ಪಿಸಿಸ್ ಎಂಬ ಫ್ರೆಂಚ್ ವೈದ್ಯರು ಈ ವಿಧಾನ ವಿವರಿಸಿದರು, 1999ರಲ್ಲಿ ಬಿಂಡ್ಲ್ ಮತ್ತು ಮೋರ್ಮನ್ ಅದಕ್ಕೆ ಈ ಹೆಸರಿಟ್ಟರು. ಹಲ್ಲನ್ನ ಸುತ್ತಲೂ ಸವೆಸೋ ಬದಲು, ತಿರುಳಿದ್ದ ಖಾಲಿ ಕೋಣೆಯೊಳಕ್ಕೇ ಸೆರಾಮಿಕ್ಕಿನ ಕಾಲು ಇಳಿಸಿ, ಮೇಲೆ ಗುಡ್ಡಗಳನ್ನ ಮುಚ್ಚೋದು. ಪೂರಾ ಒಂದೇ ತುಂಡು, ಪೋಸ್ಟಿಲ್ಲ. ಇಲ್ಲಿ ಹಿಡಿತವೆಲ್ಲ ಅಂಟಿನದ್ದು. ಲಿಥಿಯಂ ಡೈಸಿಲಿಕೇಟಿನಲ್ಲಿ ಗಾಜಿರೋದರಿಂದ ಆಸಿಡ್ ಹಚ್ಚಿ ಅದರ ಮೈಯನ್ನ ಒರಟು ಮಾಡಬಹುದು, ರೆಸಿನ್ ಸಿಮೆಂಟ್ ಆ ತರಚಿನೊಳಗೆ ಇಳಿದು ಹಲ್ಲನ್ನೂ ಸೆರಾಮಿಕ್ಕನ್ನೂ ಬಿಗಿಯುತ್ತೆ. ಜಿರ್ಕೋನಿಯಾದಲ್ಲಿ ಗಾಜಿಲ್ಲ, ಆ ಆಸಿಡ್ಡಿಗೆ ಅದು ಜಗ್ಗೋದಿಲ್ಲ; ಮರಳಿನಂಥ ಪುಡಿ ಊದಿ, ಬೇರೆ ರಾಸಾಯನಿಕ ಹಚ್ಚಬೇಕು. ದೊಡ್ಡ ದವಡೆ ಹಲ್ಲುಗಳಿಗೆ ಎಂಡೋಕ್ರೌನ್ ಚೆನ್ನಾಗಿ ಹೊಂದುತ್ತೆ. ಸಣ್ಣ ದವಡೆ ಹಲ್ಲುಗಳಲ್ಲಿ ಅಂಟೋ ಜಾಗ ಕಡಿಮೆ, ಅಲ್ಲಿ ಭರವಸೆ ಕಡಿಮೆ.

ನನಗೆ ಹಾಕಿದ್ದು ಅದನ್ನೇ, ಒಂದು ದಂತ ಕಾಲೇಜಿನಲ್ಲಿ. ನಾಲ್ಕು ಸಲ ಹೋದೆ, ಪ್ರತಿ ಸಲ ಅರ್ಧ ದಿನ. ಪಿಜಿ ಹುಡುಗಿಯೊಬ್ಬಳು ಮಾಡಿದಳು, ಮೇಷ್ಟ್ರು ಬಂದು ಬಂದು ನೋಡಿ ಹೋದರು. ಕ್ಲಿನಿಕ್ಕಿನ ದರದ ಅರ್ಧದಲ್ಲಿ ಮುಗೀತು. ದೇಶದಲ್ಲೇ ಅತಿ ಹೆಚ್ಚು ದಂತ ಕಾಲೇಜುಗಳಿರೋ ರಾಜ್ಯಗಳಲ್ಲಿ ನಮ್ಮದೂ ಒಂದು ಅನ್ನೋದು ಈ ಹೊತ್ತಲ್ಲಿ ಉಪಯೋಗಕ್ಕೆ ಬರೋ ಮಾಹಿತಿ. ಆದರೆ ನಾಲ್ಕು ಅರ್ಧ ದಿನ ರಜೆ ನನಗೆ ಸಿಕ್ಕಿತು. ಗಾರೆ ಕೆಲಸಕ್ಕೆ ಹೋಗೋನಿಗೆ, ಗಾರ್ಮೆಂಟ್ಸಿನ ಹೆಣ್ಣುಮಗಳಿಗೆ ಸಿಗುತ್ತಾ?

ಸರ್ಕಾರ ಏನು ಕೊಡುತ್ತೆ ಅಂತ ಹುಡುಕಿದಾಗ ಸಿಕ್ಕಿದ್ದು ದಂತಭಾಗ್ಯ. ಸಿದ್ದರಾಮಯ್ಯನವರ ಮೊದಲ ಅವಧಿಯಲ್ಲಿ ಬಂದ ಯೋಜನೆ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ದಂತಪಂಕ್ತಿ. ಹಲ್ಲಿಲ್ಲದ ಅಜ್ಜಿಗೆ ರೊಟ್ಟಿ ಅಗಿಯೋ ಹಾಗಾಗೋದು ಸಣ್ಣ ಮಾತಲ್ಲ, ಆ ಯೋಜನೆಯನ್ನ ನಾನು ಹಗುರ ಮಾಡೋದಿಲ್ಲ. ಆದರೆ ಅದರ ಬಾಗಿಲು ತೆಗೆಯೋದು ಹಲ್ಲು ಹೋದ ಮೇಲೆ. ಹಲ್ಲು ಹೋಗದಂತೆ ತಡೆಯೋ ಕ್ಯಾಪಿಗೆ ಬಂದರೆ, ಖಾಸಗಿ ಆರೋಗ್ಯ ವಿಮೆಯೂ ಅಪಘಾತ, ಆಸ್ಪತ್ರೆ ದಾಖಲಾತಿ ಇಲ್ಲದಿದ್ದರೆ ಹಲ್ಲನ್ನ ಸಾಮಾನ್ಯವಾಗಿ ಹೊರಗಿಡುತ್ತೆ. ತಾಲೂಕು ಆಸ್ಪತ್ರೆಯಲ್ಲಿ ದಂತವೈದ್ಯರಿರ್ತಾರೆ, ಕೀಳೋ ಇಕ್ಕಳ ಇರುತ್ತೆ. ಕ್ಯಾಪ್ ಮಾಡೋ ಲ್ಯಾಬ್ ಸಾಮಾನ್ಯವಾಗಿ ಇರೋದಿಲ್ಲ. ಬಡವರಿಗೆ ಕೀಳಿಸೋದು ಮುನ್ನೂರಕ್ಕೆ, ಕಟ್ಟಿಸೋದು ಉಚಿತಕ್ಕೆ. ನಡುವಿನ ಉಳಿಸೋದು ಮಾತ್ರ ಅವರವರ ಜೇಬಿಗೆ ಬಿಟ್ಟಿದ್ದು.

ನನಗೆ ಎಲ್ಲಕ್ಕಿಂತ ಸಿಟ್ಟು ಬಂದದ್ದು ಲ್ಯಾಮಿನೇಟ್ ಹಾಳೆಯ ಮೊದಲ ಸಾಲಿನ ಬಗ್ಗೆ. ಮೆಟಲ್ ಕ್ಯಾಪ್, ಎರಡು ಸಾವಿರ. ಆ ಹುಡುಗಿ ಅದನ್ನ ಬೆರಳಿನಿಂದ ದಾಟಿಸಿಬಿಟ್ಟಿದ್ದಳು. ಪೂರ್ತಿ ಲೋಹದ ಕ್ಯಾಪಿಗೆ ಹಲ್ಲನ್ನ ಅತಿ ಕಡಿಮೆ ಸವೆಸಿದರೆ ಸಾಕು. ಅದು ಚಕ್ಕೆ ಏಳೋದಿಲ್ಲ, ಬಿರುಕು ಬಿಡೋದಿಲ್ಲ. ನಿಕಲ್ ಅಲರ್ಜಿ ಇದ್ದವರು ಮಾತ್ರ ಲೋಹ ಯಾವುದು ಅಂತ ಕೇಳಬೇಕು. ಒನಕೆಯ ಅಣಸಿನ ಕೆಲಸವನ್ನ ಅದು ಅಚ್ಚುಕಟ್ಟಾಗಿ ಮಾಡುತ್ತೆ. ಇರೋ ಒಂದೇ ತೊಂದರೆ, ಚೆಂದ ಕಾಣೋದಿಲ್ಲ. ಕಟ್ಟಕಡೆಯ ದವಡೆ ಹಲ್ಲನ್ನ ನೋಡೋರು ಯಾರು? 2019ರಲ್ಲಿ ಅವ್ವನಿಗೆ ಐದು ಸಾವಿರದ ಸೆರಾಮಿಕ್ ಅಥವಾ ಏನೂ ಇಲ್ಲ, ಎರಡೇ ಆಯ್ಕೆ ಇದೆ ಅಂತ ಅನಿಸಿತ್ತು. ಮೂರನೆಯದೊಂದಿದೆ ಅಂತ ಯಾರೂ ಹೇಳಲಿಲ್ಲ. ಹಲ್ಲಿನ ಬಣ್ಣದ್ದೇ ಒಳ್ಳೆಯದು, ಬೆಲೆ ಹೆಚ್ಚಾದಷ್ಟೂ ಗಟ್ಟಿ ಅನ್ನೋ ನಂಬಿಕೆಯ ಕೆಳಗೆ ಆ ಹಲ್ಲು ಸೀಳಿತು.

ಹೋದ ವರ್ಷ ಅವ್ವನ ಎಡಗಡೆ ದವಡೆಯಲ್ಲಿ ಇನ್ನೊಂದು ಹಲ್ಲಿಗೆ ರೂಟ್ ಕೆನಾಲ್ ಆಯ್ತು. ಈ ಸಲ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರನ್ನ ಕೇಳಿದೆ: ಎಷ್ಟು ಗೋಡೆ ಉಳಿದಿವೆ, ಒಸಡಿನ ಮೇಲೆ ಸುತ್ತಲೂ ಎರಡು ಮಿಲಿಮೀಟರ್ ಸಿಗುತ್ತಾ. ಅವರು ಅಳೆದು ನೋಡಿ, ಒಂದು ಬದಿ ಸ್ವಲ್ಪ ಕಡಿಮೆ, ಆದರೂ ಆಗುತ್ತೆ ಅಂದರು. ಹತ್ತು ದಿನದೊಳಗೆ ಮೆಟಲ್ ಕ್ಯಾಪ್ ಕೂರಿಸಿದರು. ಅವ್ವ ಮನೆಗೆ ಬಂದು ಕನ್ನಡಿ ಹಿಡಿದು, ಬಾಯಿ ಆಗಲಿಸಿ ಹುಡುಕಿದಳು. “ಕಾಣಂಗೇ ಇಲ್ಲಲ್ಲೋ ತಮ್ಮ. ಇಷ್ಟಕ್ಕ ಬಂಗಾರದ್ದ ಹಾಕಿಸಿದ್ರ ಏನಾಕ್ಕಿತ್ತು?”

ದೀಪಾವಳಿಗೆ ಮತ್ತೆ ಕೋಡುಬಳೆ ಕರಿದಿದ್ದಳು. ಎಡಗಡೆಯಿಂದ ಕಡಿದಳು. ಬಲಗಡೆ ಇನ್ನೂ ಖಾಲಿ. ಬ್ರಿಡ್ಜ್ ಮಾಡಿಸಬೇಕು ಅಂದ್ರೆ ಅಕ್ಕಪಕ್ಕದ ಎರಡು ಒಳ್ಳೇ ಹಲ್ಲು ಸವೆಸಬೇಕಂತೆ, ಇಂಪ್ಲಾಂಟಿಗೆ ಮೂವತ್ತು ಸಾವಿರ ಹೇಳಿದ್ದಾರೆ.